ಕಾಂತಾಬಾಯಿಯ ಮಾಳಿಗೆ ಮತ್ತು ಪಾಸಾದ ರಿಪೀಟರ್

ಮೊರದೊಳಗಿನ ಜೋಳ ಎದ್ದು ಬೀಳುತ್ತಿತ್ತು, ಹೊಟ್ಟು ಬೇಲಿಯ ಕಡೆ ಹಾರುತ್ತಿತ್ತು. ಡಾಬಕಾ ಊರಿನ ಕಾಂತಾಬಾಯಿ ಕೇರುತ್ತಲೇ ಮಾತಾಡುತ್ತಿದ್ದಳು. ಎದುರಿಗೆ ಕುಳಿತವಳು ಮಾಯಾ, ಔರಾದದ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಸರ್ಕಾರದ ಲೈಸೆನ್ಸ್ ಪಡೆದು ಬಿಡುವಿನಲ್ಲಿ ರೇಡಿಯೊ ನಡೆಸುವ ಹವ್ಯಾಸಿಗಳ ಗುಂಪಿನವಳು.

“ಕಾಕು, ಒಪ್ಪಿಗಿ ಕಾಗದ ದೀಪಾವಳಿಗಿ ಕೊಟ್ಟಿದ್ದೆ. ಯುಗಾದಿ ಬಂತು. ಸಹಿ ಮಾಡ್ರಿ. ಊರಾಗ ನಿಮ್ಮ ಮಾಳಿಗೀನೇ ಎತ್ತರ. ಒಂದು ಕಂಬಾ ನಿಲ್ಲಿಸಿ ಕ್ಯಾಮೆರಾ ಇಡ್ತೇವಿ.”

“ನಾ ಮಾಳಿಗಿ ಮ್ಯಾಲ ಕೂದಲಾ ಒಣಗಿಸೂದು ಬೀದರ ಮಂದಿ ನೋಡ್ಲಿಕ್ಕಾ?”

“ಅದರ ಮುಖಾ ಆಕಾಶದ ಕಡಿಗಿ ಇರ್ತದರಿ. ಮೋಡದ ಚಿತ್ರಾ ಬೀದರದಾಗ ಎತ್ತರಕ್ಕಿರೋ ರಿಪೀಟರಿಗಿ ಹೋಗ್ತದ, ಅಲ್ಲಿಂದ ನಮ್ಮ ಗುಂಪಿನವ್ರ ಟಿ.ವಿ.ಗಿ ಬರ್ತದ. ಮಳಿ-ಸಿಡಿಲು ಬರೂ ಮೊದಲೇ ಮುಂದಿನ ಊರವ್ರಿಗಿ ಹೇಳ್ಬಹುದು.”

ಕಾಂತಾಬಾಯಿಯ ಕೈ ನಿಂತಿತು. “ರಿಪೀಟರ್ ಅಂದ್ರ ನಪಾಸಾದವ್ರಲ್ಲೇನು? ನಮ್ಮ ಮೈದುನ ಅಮೋಲ್ ಹತ್ತನೇತ್ತಾ ಮೂರು ಸಲ ರಿಪೀಟರ್ ಕೂತಾನ. ನಪಾಸಾದವ್ರ ಮಾತ ಕೇಳಿ ನಮ್ಮವ್ರು ಕುರಿ ಹೊಡ್ಕೊಂಡು ಬರಬೇಕಾ?”

ಮಾಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಇದು ಬಂದದ್ದನ್ನ ಮತ್ತೊಮ್ಮಿ ಜೋರಾಗಿ ಕಳಿಸೂ ಪೆಟಗಿ ರೀ. ದೂರದವ್ರಿಗಿ ಮುಟ್ಟಿಸ್ತದ, ಅಷ್ಟೇ.”

“ಸಿಡಿಲು ಆ ಕಂಬಾನೇ ಹುಡ್ಕೊಂಡು ಬಂದ್ರ?”

“ನಿಮ್ಮ ಚಿಂತಿ ಖರೇ ಅದ. ಅದಕ್ಕೇ ನೆಲದ ತನಕ ದಪ್ಪ ತಾಮ್ರದ ತಂತಿ ಇಳಿಸ್ತೇವಿ. ಮೋಡ ನೆತ್ತಿ ಮ್ಯಾಲ ಬರೂದರೊಳಗ ಬಂದ್ ಮಾಡ್ತೇವಿ.”

“ನೋಡೂಣು,” ಎಂದಳು ಕಾಂತಾಬಾಯಿ. ಐದು ತಿಂಗಳಿಂದ ಇದೇ ಮಾತು. ಕಾಗದ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು.

ಅಷ್ಟರಲ್ಲಿ ಮಾಯಾಳ ಫೋನ್ ರಿಂಗಾಯಿತು. ಬೀದರಿನಿಂದ ಕುಬರಾ. ಅವಳೂ ಅದೇ ಗುಂಪಿನವಳು. ಆ ದಿನ ಪರದೆ ಕಾಯುವ ಪಾಳಿ ಅವಳದು.

“ಭಾಲ್ಕಿ ಕ್ಯಾಮೆರಾದಾಗ ಕರೀ ಗೋಡಿ ಎದ್ದಂಗ ಮೋಡ ಕಾಣ್ಲಿಕತ್ತದ. ನಿಮ್ಮ ಕಡಿಗೇ ಹೊಂಟದ. ಜಲ್ದಿ ಹೇಳು ಎಲ್ಲಾರಿಗೂ!”

ಡಾಬಕಾದಲ್ಲಿ ಬಿಸಿಲು ಸುಡುತ್ತಿತ್ತು. ಕಾಂತಾಬಾಯಿ ನಂಬದೆ ಮತ್ತೆ ಮೊರ ಎತ್ತಿದಳು. ಹೊಟ್ಟು ಬೇಲಿಯ ಕಡೆ ಹೋಗದೆ ಅವಳ ಮುಖಕ್ಕೇ ಬಡಿಯಿತು. ಗಾಳಿ ಮಗ್ಗುಲು ಬದಲಿಸಿತ್ತು. ಗಂಡ ಮಡೆಪ್ಪ ನಲವತ್ತು ಕುರಿಗಳೊಂದಿಗೆ ಬಯಲಲ್ಲಿದ್ದ. ಅವಳು ಮೊರ ಬಿಟ್ಟು ಅವನಿಗೆ ಫೋನ್ ಹಚ್ಚಿದಳು.

“ಏನ್ರೀ, ಮೋಡ ಬರ್ಲಿಕತ್ತದ. ಹೊಂಡ್ರಿ!”

“ಬಿಸಿಲಾಗ ತಲಿ ಕೆಟ್ಟದೇನು ನಿಂದು? ಬಂದ್ರ ಬೇವಿನ ಗಿಡದ ಕೆಳಗ ನಿಲ್ತೇನಿ.”

ಮಾಯಾ ಫೋನ್ ಕಸಿದುಕೊಂಡಳು. “ಕಾಕಾ, ಗಿಡದ ಕೆಳಗ ಬ್ಯಾಡ್ರಿ! ಸಿಡಿಲು ಗಿಡಾನೇ ಹಿಡೀತದ. ಪಕ್ಕಾ ಗೋದಾಮಿಗಿ ಹೊಡೀರಿ ಕುರಿ.”

ಮಡೆಪ್ಪ ಗೊಣಗುತ್ತಲೇ ಕುರಿ ಹೊಡೆದುಕೊಂಡು ಹೋದ. ಮುಕ್ಕಾಲು ಗಂಟೆಯೊಳಗೆ ಹಗಲೇ ಕತ್ತಲಾಯಿತು. ಲಿಂಬೆ ಗಾತ್ರದ ಆಲಿಕಲ್ಲು ಸುರಿಯಿತು. ನೆಲ ನಡುಗುವ ಹಾಗೆ ಒಂದು ಸಿಡಿಲು ಬಡಿಯಿತು.

ಮಳೆ ನಿಂತ ಮೇಲೆ ಮಡೆಪ್ಪ ಬಂದ, ಹಿಂದೆ ನಲವತ್ತೂ ಕುರಿ. “ಬೇವಿನ ಗಿಡಾ ನೆತ್ತಿಯಿಂದ ಬುಡದ ತನಕ ಸೀಳ್ಯದ,” ಎಂದ. ಹೆಂಡತಿ ಆಡಿದ ರಿಪೀಟರ್ ಮಾತನ್ನು ಮಾಯಾ ಹೇಳಿದಾಗ ಮಾತ್ರ ನಕ್ಕ. “ಅಮೋಲ್ ಪಾಸಾಗ್ಲಿಲ್ಲ. ಈ ರಿಪೀಟರ್ ಪಾಸಾತು ನೋಡು!”

ಕಾಂತಾಬಾಯಿ ನಗಲಿಲ್ಲ. “ಭಾಲ್ಕಿ ಕ್ಯಾಮೆರಾ ಯಾರ ಮಾಳಿಗಿ ಮ್ಯಾಲ ಅದ?”

“ಅನುಸೂಯಾಬಾಯಿ ಅಂತ ಒಬ್ಬ ಆಯಿ. ನಿಮಗ ಗುರ್ತಿಲ್ಲ.”

“ಗುರ್ತಿಲ್ಲದಾಕಿ ಮಾಳಿಗಿ ನನ್ನ ಕುಂಕುಮಾ ಕಾಯ್ತು. ನನ್ನ ಮಾಳಿಗಿ ಮುಂದಿನ ಊರವ್ರನ್ನ ಕಾಯಬ್ಯಾಡೇನು?”

ಅವಳು ಟ್ರಂಕು ತೆಗೆದು ಸಹಿ ಹಾಕಿದಳು. ಮಾಯಾ ಕೈ ಚಾಚಿದರೆ ಕೊಡಲಿಲ್ಲ. “ತಡಾ ಮಾಡಿದಾಕಿ ನಾ. ಬೀದರದ ನಿಮ್ಮ ಗುಂಪಿಗಿ ನಾನೇ ಕಳಿಸ್ತೇನಿ.”

ಓದುವ ಅಕ್ಕಂದಿರೇ, ಅಣ್ಣಂದಿರೇ, ಹವಾಮಾನ ಇಲಾಖೆಯ ಸೂಚನೆಯನ್ನು ತಪ್ಪದೆ ಕೇಳಿ. ಹವ್ಯಾಸಿಗಳ ಕಣ್ಣು ಅದಕ್ಕೆ ಜೊತೆಗಾರ ಮಾತ್ರ. ಗುಡುಗು ಕೇಳಿದರೆ ಮರದ ಕೆಳಗೆ ನಿಲ್ಲದೆ ಪಕ್ಕಾ ಕಟ್ಟಡ ಸೇರಿ. ಇಂಥವರು ನಿಮ್ಮ ಮಾಳಿಗೆ ಕೇಳಿ ಬಂದರೆ ಲೈಸೆನ್ಸ್ ನೋಡಿ, ಅನುಮಾನ ಕೇಳಿ ತೀರಿಸಿಕೊಳ್ಳಿ, ಆಮೇಲೆ ಒಪ್ಪಿಗೆ ಕೊಡಿ. ಕಾಗದವನ್ನು ಟ್ರಂಕಿನಲ್ಲಿ ಇಟ್ಟುಕೊಳ್ಳಬೇಡಿ.

ಮರುದಿನ ಬೆಳಿಗ್ಗೆ ಕಾಂತಾಬಾಯಿ ತಾನೇ ನಡೆದುಹೋಗಿ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದಳು. ಒಳಗೆ ಬಿತ್ತೋ ಇಲ್ಲವೋ ಎಂದು ಡಬ್ಬಿಯ ಬಾಯಿಗೆ ಕೈ ಹಾಕಿ ಒಮ್ಮೆ ತಡವಿ ನೋಡಿದಳು.