ಕಾಗೆಯ ಪಾಲು

ಕಾಗೆಯೇ ಇರಬೇಕು, ಇಲ್ಲಾ ಹರಿದ ಕರಿ ಪ್ಲಾಸ್ಟಿಕ್ಕು, ಕೋಪರ್ ಸ್ಟೇಷನ್ನಿನ ತಗಡಿನ ಮೇಲೆ ಕಪ್ಪಗೆ ಏನೋ ಅಲುಗಾಡಿ ಹಿಂದಕ್ಕೆ ಸರಿದುಹೋಯಿತು, ಪುಂಡರೀಕಾಕ್ಷ ಕತ್ತು ತಿರುಗಿಸುವಷ್ಟರಲ್ಲಿ ಸ್ಟೇಷನ್ನೇ ಇರಲಿಲ್ಲ, ಅವನು ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಿಂದ ಇನ್ನಷ್ಟು ಬಿಗಿಯಾಗಿ ಹಿಡಿದ — ಒಳಗೆ ಎರಡು ಸ್ಟೀಲ್ ಡಬ್ಬಿ, ಎರಡರಲ್ಲೂ ಅಷ್ಟಷ್ಟೇ ಗಂಜಿ, ಒಂದು ಮಗಳಿಗೆ, ಒಂದು ತನಗೆ, ಮತ್ತು ಇವತ್ತು ಏಕಾದಶಿ. ಇವತ್ತೇ ಆಗಬೇಕಿತ್ತೇ, ಮೂವತ್ತೈದು ವರ್ಷದಿಂದ ಏಕಾದಶಿಯ ದಿನ ಒಂದು ಅಗುಳು ಅನ್ನ ನಾಲಗೆಗೆ ಮುಟ್ಟಿಸಿದವನಲ್ಲ, ಜ್ವರ ಬಂದಾಗಲೂ ಇಲ್ಲ, ತನ್ನ ಹೋಟೆಲಿನ ಗಲ್ಲಾದ ಹಿಂದೆ ಕೂತು ಇಡೀ ದಿನ ಡೊಂಬಿವಲಿಗೆ ಇಡ್ಲಿ ದೋಸೆ ತಿನ್ನಿಸುತ್ತಾ ತಾನು ಬರೀ ನೀರಿನಲ್ಲಿ ಇದ್ದುಬಿಡುವವನು, ಬೆಳಿಗ್ಗೆ ಹೆಂಡತಿ ವಾರಿಜಾ ಒಲೆಯ ಮುಂದೆ ನಿಂತು, ಇವತ್ತು... ಅಂದಳು, ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು, ಆಮೇಲೆ ಎರಡನೇ ಡಬ್ಬಿಗೂ ಗಂಜಿ ಬಗ್ಗಿಸಿದಳು, ಆಸ್ಪತ್ರೆಯವರು ಬರೆದುಕೊಟ್ಟ ಚೀಟಿಯನ್ನು ನೋಡಿ ನೋಡಿ, ಸೌಟಿನಲ್ಲಿ ಅಳೆದು, ಒಂದು ಹನಿ ಕಟ್ಟೆಯ ಮೇಲೆ ಬಿತ್ತು, ಅದನ್ನು ಒರೆಸುವಾಗ ಕಿಟಕಿಯ ಗ್ರಿಲ್ಲಿನಲ್ಲಿ ಟಕ್ ಟಕ್ ಅಂತ — ಬೇಡ, ಅದು ಬೇಡ ಈಗ. ಠಾಣೆ ಆಸ್ಪತ್ರೆಯ ಡಾಕ್ಟರ್ ಮಾನಸಿ, ಮರಾಠಿಯವಳು, ಇನ್ನೂ ಸಣ್ಣ ಪ್ರಾಯ, ನಿನ್ನೆ ಕಾರಿಡಾರಿನಲ್ಲಿ ಅವನನ್ನು ನಿಲ್ಲಿಸಿ ಹೇಳಿದ್ದಳು, ಕಾಕಾ, ನಾಳೆ ನೀವು ಅವಳ ಜೊತೆ ಕೂತು ಉಣ್ಣಿ, ಅವಳ ಡಬ್ಬಿಯಲ್ಲಿ ಏನಿರುತ್ತೋ ಅದನ್ನೇ ಉಣ್ಣಿ, ತಿನ್ನು ಅಂತ ಮಾತ್ರ ಹೇಳಬೇಡಿ, ತುತ್ತು ಲೆಕ್ಕ ಮಾಡಬೇಡಿ, ಬೇರೆ ಏನಾದರೂ ಮಾತಾಡಿ, ಕ್ರಿಕೆಟ್ಟು, ಮಳೆ, ಏನಾದರೂ, ಬಾಯಿಂದ ಹೋಗದಿದ್ದರೆ ಸಂಜೆಗೆ ಮೂಗಿನಿಂದ ನಳಿಕೆ ಹಾಕಲೇಬೇಕಾಗುತ್ತೆ, ಅವಳ ಹಾರ್ಟ್ ಬಹಳ ನಿಧಾನ ಹೊಡ್ಕೊಳ್ತಾ ಇದೆ. ಪುಂಡರೀಕಾಕ್ಷ ಆಯ್ತು ಆಯ್ತು ಅಂದಿದ್ದ. ನಾಳೆ ಏಕಾದಶಿ ಅಂತ ಹೇಳಲು ಬಾಯಿ ತೆರೆದವನು ಆ ಹುಡುಗಿಯ ಮುಖ ನೋಡಿ ಮುಚ್ಚಿಕೊಂಡಿದ್ದ, ಏಕಾದಶಿ ಅನ್ನುವ ಮಾತನ್ನು ಇನ್ನು ಯಾವ ಬಾಯಲ್ಲಿ ಹೇಳುವುದು.

ಅಂಕಲ್, ಜರಾ ಸರಕೋ ನಾ, ಅಂತ ಬ್ಯಾಗು ಹೊತ್ತವನೊಬ್ಬ ಭುಜ ತಟ್ಟಿದ, ದಿವಾ ಬಂತೇನು, ಜನ ನುಗ್ಗುತ್ತಿದ್ದಾರೆ, ಮೂರು ಜನದ ಸೀಟಿಗೆ ನಾಲ್ಕನೆಯವನಾಗಿ ಆ ಬ್ಯಾಗಿನವನು ಅರ್ಧ ಕುಂಡೆ ಊರಿದ, ಫೋರ್ಥ್ ಸೀಟು, ಈ ಫೋರ್ಥ್ ಸೀಟಿನ ಕಥೆಯನ್ನೇ ಅಲ್ಲವೇ ಶ್ರೀಪ್ರಿಯಾ ಒಂದು ದಿನ ಮನೆಗೆ ಬಂದು ಮುಖ ಅರಳಿಸಿ ಹೇಳಿದ್ದು, ಪಪ್ಪಾ, ಲೇಡೀಸ್ ಡಬ್ಬೇ ಮೇ ಸಬ್ ಮುಝೇ ಬುಲಾತೇ ಹೈ, ತೂ ಆಜಾ ಪತಲೀ, ತೇರೇಕೋ ಜಗಹ್ ಹೀ ಕಿತನೀ ಲಗತೀ ಹೈ — ಎಲ್ಲರೂ ಸಣಕಲಿ ಬಾ, ನಿನಗೆ ಜಾಗ ಎಷ್ಟು ಬೇಕು ಅಂತ ತನ್ನನ್ನೇ ಕರೆದು ಕೂರಿಸಿಕೊಳ್ಳುತ್ತಾರಂತೆ, ಏನು ಡಯಟ್ ಮಾಡ್ತೀ ಹೇಳು ಅಂತ ಕೇಳುತ್ತಾರಂತೆ. ಅವನೂ ನಕ್ಕಿದ್ದ. ಠಾಣೆಯ ಕಾಲೇಜಿಗೆ ಹೋಗಿ ಬರುವ ಹುಡುಗಿ, ಡೊಂಬಿವಲಿ ಲೋಕಲ್ಲಿನಲ್ಲಿ ಸೀಟು ಸಿಗುವುದು ಸಣ್ಣ ವಿಷಯವೇ, ಅಂದುಕೊಂಡಿದ್ದ. ಮೇ ತಿಂಗಳಿನಲ್ಲಿ ಅವಳು ಸ್ವೆಟರು ಹಾಕಿಕೊಂಡಾಗ ಎಸಿ ಕ್ಲಾಸಿನ ಅಭ್ಯಾಸ ಅಂದುಕೊಂಡ, ಬಚ್ಚಲಿನ ಜಾಲರಿಯಲ್ಲಿ ಕೂದಲು ಉಂಡೆ ಉಂಡೆ ಸಿಕ್ಕಿದಾಗ ಟ್ಯಾಂಕರಿನ ನೀರಿಗೆ ಬೈದ, ಲಿಫ್ಟಿದ್ದರೂ ಏಳು ಮಾಳಿಗೆ ಹತ್ತಿ ಇಳಿದು ಹತ್ತಿ ಇಳಿದು ಮಾಡುತ್ತಾಳೆ ಅಂತ ಕೆಳಗಿನ ಮಾಳಿಗೆಯ ಜಯಲತಾ ಹೇಳಿದಾಗ, ಒಳ್ಳೇದೇ ಅಲ್ಲವಾ ಜಯಕ್ಕ, ನಮ್ಮ ಹಾಗೆ ಹೊಟ್ಟೆ ಬರುವುದಿಲ್ಲ, ಅಂದ. ತಿಂಗಳ ಮುಟ್ಟು ನಿಂತದ್ದು ವಾರಿಜಾಗೆ ಗೊತ್ತಿತ್ತು, ಅವಳು ಹೇಳಿರಲಿಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೊನ್ನೆ ಹೇಳಿದಳು, ನಾನು ಖುಷಿಪಟ್ಟೆ ಮಾರಾಯ್ರೆ, ನಾಲ್ಕು ತಿಂಗಳ ವ್ರತಕ್ಕೆ ಒಂದು ದಿನ ಕೂಡ ಅಡ್ಡಿ ಬರಲಿಲ್ಲ ಅಂತ ದೇವರಿಗೆ ತುಪ್ಪದ ದೀಪ ಹಚ್ಚಿದೆ, ಅಂತ ಸೆರಗು ಬಾಯಿಗೆ ತುರುಕಿಕೊಂಡಳು, ಅವನು ಅವಳನ್ನು ಬೈಯಲಿಲ್ಲ, ಯಾವ ಮುಖದಲ್ಲಿ ಬೈಯುವುದು.

ಚಾತುರ್ಮಾಸ್ಯ ತಾನೇ ಹೇಳಿಕೊಟ್ಟದ್ದಲ್ಲವೇ. ಹೇಳಿಕೊಟ್ಟದ್ದು ಕೂಡ ಅಲ್ಲ, ಬಡಾಯಿ ಕೊಚ್ಚಿದ್ದು. ಆಷಾಢದಿಂದ ಕಾರ್ತಿಕದವರೆಗೆ ನಮ್ಮವರು ಮಾಡಿಕೊಂಡು ಬಂದದ್ದು, ಮೊದಲ ತಿಂಗಳು ತರಕಾರಿ ಬಿಡುವುದು, ಎರಡನೇ ತಿಂಗಳು ಮೊಸರು, ಮೂರನೇ ತಿಂಗಳು ಹಾಲು, ನಾಲ್ಕನೇ ತಿಂಗಳು ಬೇಳೆಕಾಳು, ಒಂದು ಬಿಟ್ಟರೆ ಹಿಂದಿನದನ್ನು ಮತ್ತೆ ಹಿಡಿಯುವುದು, ಬಿಡುವುದಕ್ಕೂ ಲೆಕ್ಕ ಉಂಟು ಹಿಡಿಯುವುದಕ್ಕೂ ಲೆಕ್ಕ ಉಂಟು, ಹಸಿದು ಸಾಯಲಿ ಅಂತ ಯಾರೂ ಮಾಡಿದ ಕ್ರಮ ಅಲ್ಲ ಅದು. ಶ್ರೀಪ್ರಿಯಾ ಬಿಟ್ಟಳು, ಹಿಡಿಯಲಿಲ್ಲ. ತರಕಾರಿ ಬಿಟ್ಟಳು, ಮೊಸರು ಬಿಟ್ಟಳು, ಹಾಲು ಬಿಟ್ಟಳು, ಬೇಳೆ ಬಿಟ್ಟಳು, ಒಂದರ ಮೇಲೊಂದು ಬಿಡುತ್ತಾ ಹೋದಳು, ಏಕಾದಶಿ ಇತ್ತು, ಅದಕ್ಕೆ ಶನಿವಾರ ಸೇರಿತು, ಸೋಮವಾರ ಸೇರಿತು, ಕಾರ್ತಿಕ ಮುಗಿಯಿತು, ಮನೆಯಲ್ಲಿ ಎಲ್ಲರಿಗೂ ಮುಗಿಯಿತು, ಅವಳಿಗೊಬ್ಬಳಿಗೆ ಮುಗಿಯಲಿಲ್ಲ. ತಾನು ಆಗ ಏನು ಮಾಡುತ್ತಿದ್ದ, ನವಿ ಮುಂಬಯಿಯ ಮಠದಲ್ಲಿ ತೀರ್ಥದ ಸಾಲಿನಲ್ಲಿ ಅವಳ ಹೆಗಲ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವ ಹಾಗೆ, ಬಾಂಬೆಯಲ್ಲಿ ಹುಟ್ಟಿದ ಹುಡುಗಿ ಆಚಾರ್ರೇ, ಕನ್ನಡ ಸರಿ ಬರುವುದಿಲ್ಲ, ಆದರೆ ನಾಲ್ಕು ತಿಂಗಳು ಪೂರ್ತಿ ವ್ರತ, ಅಂದಿದ್ದ, ಸಂಕರ್ಷಣಾಚಾರ್ಯರು ತೀರ್ಥದ ಸೌಟನ್ನು ಹಾಗೇ ಹಿಡಿದುಕೊಂಡು ಅವಳ ಅಂಗೈ ನೋಡಿದರು, ಮುಂಗೈ ಮೇಲೆ ಹುಟ್ಟಿದ ಮಗುವಿಗೆ ಇರುವಂಥ ನವಿರು ರೋಮ, ನೋಡಿದರು, ಓದುವ ಮಕ್ಕಳಿಗೆ ಇಷ್ಟೆಲ್ಲ ಬೇಡ ಭಟ್ರೇ, ಶರೀರ ನೋಡಿಕೊಂಡು ಮಾಡುವುದು ವ್ರತ, ಮಗುವನ್ನು ಮೊದಲು ಡಾಕ್ಟರಿಗೆ ತೋರಿಸಿ, ಅಂದರು. ಅವನಿಗೆ ಸಿಟ್ಟು ಬಂದಿತ್ತು. ಆಚಾರ್ರಿಗೆ ಹೊಟ್ಟೆಕಿಚ್ಚು, ಅವರ ಮಗ ಪಾವ್‌ಭಾಜಿ ತಿಂದುಕೊಂಡು ಮಾಲಿನಲ್ಲಿ ತಿರುಗುತ್ತಾನೆ, ಅಂತ ರೈಲಿನಲ್ಲಿ ಬರುವಾಗ ವಾರಿಜಾ ಹತ್ತಿರ ಹೇಳಿದ್ದ, ಶ್ರೀಪ್ರಿಯಾ ಕಿಟಕಿಯ ಕಡೆ ತಿರುಗಿ ಸಣ್ಣಗೆ ನಕ್ಕಿದ್ದಳು, ಆ ನಗು, ಗೆದ್ದವರ ನಗು, ಈಗ ಗೊತ್ತಾಗುತ್ತದೆ.

ಮುಂಬ್ರಾದ ಗುಡ್ಡ ಬಂತು, ಬಿಸಿಲಿಗೆ ಕಲ್ಲು ಹೊಳೆಯುತ್ತಿದೆ, ಕರಿ ಚುಕ್ಕಿಗಳು ಮೇಲೆ ಸುತ್ತುತ್ತಿವೆ, ಗಿಡುಗವೋ, ಅದೋ — ಅವನು ಮುಖ ತಿರುಗಿಸಿದ. ತಟ್ಟೆ ನೋಡಿ ಹೇಳುವವನು ಅಂತ ಹೆಸರು ಪಡೆದವನು ತಾನು, ಮೋರಿಗೆ ಹೋಗುವ ತಟ್ಟೆಯನ್ನು ಗಲ್ಲಾದಲ್ಲಿ ಕೂತೇ ನೋಡಿ, ಚಟ್ನಿ ಉಳಿದಿದೆ, ತೆಂಗಿನಕಾಯಿ ಹಳೆಯದು, ಸಾಂಬಾರು ಉಳಿದಿದೆ, ಹುಳಿ ಹೆಚ್ಚಾಗಿದೆ, ದೋಸೆಯ ಅಂಚು ಉಳಿದಿದೆ, ಕಾವಲಿ ಆರಿದೆ ನೋಡ್ರೋ, ಅಂತ ಒಳಗೆ ಕೂಗುವವನು. ಆದರೆ ಹೋಟೆಲಿನವನು ಮನೆಯಲ್ಲಿ ಎಲ್ಲಿ ಉಣ್ಣುತ್ತಾನೆ, ಮಧ್ಯಾಹ್ನದ ರಶ್ಶು ಇಳಿದು ಅವನು ಮನೆ ಸೇರುವಾಗ ಮೂರು ಗಂಟೆ, ಮಗಳ ಊಟ ಆಗಿಹೋಗಿರುತ್ತಿತ್ತು, ತಟ್ಟೆ ತೊಳೆದು ಕವುಚಿ ಹಾಕಿರುತ್ತಿತ್ತು, ಹತ್ತೊಂಬತ್ತು ವರ್ಷದಲ್ಲಿ ಅವಳ ಎದುರು ಕೂತು ಉಂಡದ್ದು ಎಷ್ಟು ಸಲ, ದೀಪಾವಳಿ, ಶ್ರಾದ್ಧ, ಅಷ್ಟೇ ಇರಬೇಕು. ಅವಳ ತಟ್ಟೆ ಓದಿದವನು ಜಟ್ಟೆಪ್ಪ. ಟೇಬಲ್ಲು ಒರೆಸುವ ಜಟ್ಟೆಪ್ಪ, ಇಂಡಿ ಕಡೆಯವನು, ಇಪ್ಪತ್ತು ವರ್ಷದಿಂದ ಇದ್ದಾನೆ, ಒಂದು ದಿನ ಸಂಜೆ ಗಲ್ಲಾದ ಹತ್ತಿರ ಬಂದು ಒರೆಸುವ ಬಟ್ಟೆ ಹಿಂಡುತ್ತಾ ನಿಂತ, ಸಾವ್ಕಾರ್ರ, ಒಂದ್ ಮಾತ್ ಹೇಳ್ಲೇನ್ರಿ, ಸಣ್ಣಕ್ಕಾರು ಗೆಳತ್ಯಾರ ಜೋಡಿ ಬಂದಿದ್ರಲ್ರಿ, ಅವ್ರ ದ್ವಾಸಿ ನೋಡ್ದೆ, ಹರದ್ ಹರದ್ ಗುಬ್ಬಿಗೆ ಹಾಕೂ ಹಂಗ ಮಾಡ್ಯಾರ, ಬಾಯಿಗೆ ಒಂದ್ ಚೂರೂ ಹೋಗಿಲ್ರಿ, ಉಳದಾರಿಗೆ ಮಾತ್ರ ತಿನ್ರಿ ತಿನ್ರಿ ಅಂತ ಬಡಸ್ಯಾರ. ಮುಂದೆ ಹೇಳಲು ಬಿಡಲಿಲ್ಲ ಅವನು, ನಿನ್ನ ಟೇಬಲ್ಲು ನೋಡಿಕೋ ಮಾರಾಯ, ನಮ್ಮ ಮನೆ ಹುಡುಗಿಯ ತಟ್ಟೆ ನೋಡುವುದು ನಿನ್ನ ಕೆಲಸವಾ, ಅಂದುಬಿಟ್ಟ, ನಾಲ್ಕು ಗಿರಾಕಿಗಳ ಎದುರಿಗೆ. ಜಟ್ಟೆಪ್ಪ ತಪ್ಪಾತ್ರಿ ಅಂದು ಹೋದ. ಹೋಳಿಗೆಯ ಹಾಗಿದ್ದ ಅವಳ ಕೆನ್ನೆ — ಅದೂ ಇದೇ ಗಲ್ಲಾದ ಹತ್ತಿರ, ಹದಿನೈದು ವರ್ಷ ಆಗ ಅವಳಿಗೆ, ಶಾಲೆಯ ಯೂನಿಫಾರ್ಮಿನಲ್ಲಿ ಬಂದು ನಿಂತಿದ್ದಳು, ಪರಿಚಯದ ಗಿರಾಕಿಯೊಬ್ಬ ಅಣ್ಣಾ ಯಹ್ ಆಪಕೀ ಬೇಟೀ ಅಂತ ಕೇಳಿದ, ಇವನು ಅವಳ ಕೆನ್ನೆ ಹಿಂಡಿ, ಹೋಟೆಲಿಗೆ ಬೇರೆ ಬೋರ್ಡೇ ಬೇಡ, ನಮ್ಮ ಬೆಣ್ಣೆ ದೋಸೆಯ ಬೋರ್ಡು ಇದೇ, ಅಂತ ಹಿಂದಿಯಲ್ಲಿ ಹೇಳಿದ, ಎಲ್ಲರೂ ನಕ್ಕರು, ಶ್ರೀಪ್ರಿಯಾ ಕೂಡ ನಕ್ಕಳು, ನಕ್ಕಳಲ್ಲ, ಮತ್ತೆ ಏನು, ಅಂದುಕೊಂಡಿದ್ದ. ಆಮೇಲೆ ಅವಳು ಗಲ್ಲಾದ ಹತ್ತಿರ ಬರುವುದನ್ನೇ ಬಿಟ್ಟಳು. ಡಾಕ್ಟರ್ ಮಾನಸಿಗೆ ಇದನ್ನು ಹೇಳಿ ಅತ್ತದ್ದಕ್ಕೆ, ಕಾಕಾ, ಈ ಅನೊರೆಕ್ಸಿಯಾಕ್ಕೆ ಒಂದೇ ಕಾರಣ ಅಂತ ಇರಲ್ಲ, ಒಂದು ಮಾತಿನಿಂದ ಬರಲ್ಲ, ಒಂದು ವ್ರತದಿಂದ ಬರಲ್ಲ, ಅವಳಿಗೆ ಹಸಿವು ಇದೆ, ಹೆದರಿಕೆ ಅದಕ್ಕಿಂತ ದೊಡ್ಡದಾಗಿದೆ, ಕನ್ನಡಿಯಲ್ಲಿ ಅವಳಿಗೆ ಕಾಣೋ ಹುಡುಗಿಯೇ ಬೇರೆ, ಅಂದಳು. ಇರಬಹುದು. ಡಾಕ್ಟರು ಓದಿದವಳು. ಆದರೆ ಹಿಂಡಿದ ಈ ಎರಡು ಬೆರಳು ತನ್ನವೇ ಅಲ್ಲವೇ.

ಕಳವಾ, ಖಾಡಿಯ ಕೆಸರುನೀರಿನ ವಾಸನೆ, ಇನ್ನು ಐದು ನಿಮಿಷ. ಶ್ರೀಪ್ರಿಯಾ ಬಿದ್ದದ್ದು ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ, ಮೂರು ವಾರ ಆಯಿತು, ಯಾರೋ ಪುಣ್ಯಾತ್ಮರು ಮೊಬೈಲಿನಲ್ಲಿ ಪಪ್ಪಾ ಅಂತಿದ್ದ ನಂಬರಿಗೆ ಫೋನು ಮಾಡಿದರು, ರಕ್ತದಲ್ಲಿ ಪೊಟ್ಯಾಷಿಯಂ ಇಲ್ಲ ಅಂದರು, ಮೂಳೆ ಅಜ್ಜಿಯರ ಮೂಳೆಯ ಹಾಗೆ ಆಗಿದೆ ಅಂದರು, ಅವನು ಮರುದಿನವೇ ಹೋಟೆಲಿನಿಂದ ದೊಡ್ಡ ಕ್ಯಾರಿಯರ್ ಕಟ್ಟಿಸಿಕೊಂಡು ಓಡಿದ, ಅನ್ನ, ತೊವ್ವೆ, ತುಪ್ಪ, ಪಾಯಸ, ಹೋಟೆಲಿನವನಿಗೆ ಮತ್ತೇನು ಗೊತ್ತು, ನರ್ಸು ಬಾಗಿಲಲ್ಲೇ ಕಿತ್ತುಕೊಂಡಳು, ಇಷ್ಟು ದಿನ ಉಪವಾಸ ಇದ್ದ ಶರೀರಕ್ಕೆ ಒಮ್ಮೆಲೇ ಇದನ್ನೆಲ್ಲ ತುಂಬಿದರೆ ಹೃದಯವೇ ನಿಂತುಹೋಗಬಹುದು, ಗೊತ್ತಾ ನಿಮಗೆ, ಅಂದಳು. ಅನ್ನವೂ ಕೊಲ್ಲುತ್ತದೆ ಅಂತ ಐವತ್ತೆಂಟನೇ ವಯಸ್ಸಿನಲ್ಲಿ ಕಲಿತ. ಆ ದಿನ ಮಧ್ಯಾಹ್ನ ಮನೆಗೆ ಬಂದು ಕೂತಿದ್ದರು ಅವನೂ ವಾರಿಜಾಳೂ, ಒಂದೂವರೆ ಗಂಟೆ, ಅಡುಗೆಮನೆಯ ಗ್ರಿಲ್ಲಿನಲ್ಲಿ ಟಕ್ ಟಕ್. ಕಾಗೆ. ಅಜ್ಜಿ ತೀರಿಹೋದ ಮೇಲೆ ಶ್ರೀಪ್ರಿಯಾ ದಿನಾ ತನ್ನ ತಟ್ಟೆಯಿಂದ ಕಾಗೆಗೆ ಇಡುತ್ತಿದ್ದಳು, ಅಜ್ಜಿ ಬರ್ತಾರೆ ಅನ್ನುತ್ತಿದ್ದಳು, ಈ ಕಾಲದಲ್ಲಿ ಎಷ್ಟು ಮಕ್ಕಳಿಗೆ ಇದೆಲ್ಲ ಉಂಟು ಹೇಳಿ, ಅಂತ ಅದನ್ನೂ ಅವನು ಗಿರಾಕಿಗಳ ಹತ್ತಿರ ಹೇಳಿಕೊಂಡದ್ದೇ. ಪಾಪ, ಅದಕ್ಕೇನು ಗೊತ್ತು, ಅಂತ ವಾರಿಜಾ ಎದ್ದು ಒಂದು ಚಿಟಿಕೆ ಅನ್ನ ಇಟ್ಟಳು. ಕಾಗೆ ಅನ್ನವನ್ನು ನೋಡಿತು, ಕತ್ತು ಓರೆ ಮಾಡಿ ಇವಳನ್ನು ನೋಡಿತು, ನುಂಗಿತು, ಹೋಗಲಿಲ್ಲ. ಟಕ್ ಟಕ್. ಇನ್ನೊಂದು ತುತ್ತು ಇಟ್ಟಳು, ಹೋಗಲಿಲ್ಲ. ಒಂದು ಹಿಡಿ. ಇನ್ನೊಂದು ಹಿಡಿ. ಕೊಕ್ಕಿನಿಂದ ಕಬ್ಬಿಣ ಕುಟ್ಟುತ್ತಾ ಕೂತಿತ್ತು, ಹಕ್ಕಿನ ಪಾಲು ಕೇಳುವವರ ಹಾಗೆ, ಅದರ ಹಿಂದೆ ಇನ್ನೆರಡು ಬಂದು ಕೂತವು, ಹುಳಿಯ ಹೋಳು ಇಟ್ಟಳು, ಪಲ್ಯ ಇಟ್ಟಳು, ತಟ್ಟೆ ಖಾಲಿಯಾಗುವವರೆಗೆ ಇಟ್ಟಳು, ಆಗ ಅವು ಹಾರಿಹೋದವು. ಒಂದು ಪೂರ್ತಿ ಊಟ, ದಿನಾ ಸಿಕ್ಕುತ್ತಿದ್ದಷ್ಟು. ವಾರಿಜಾ ಖಾಲಿ ತಟ್ಟೆ ಹಿಡಿದುಕೊಂಡು ಇತ್ತ ತಿರುಗಿದಳು, ಇವರೇ, ಅವು ಎಷ್ಟು ಕೊಬ್ಬಿವೆ ನೋಡಿದಿರಾ, ಅಂದಳು.

ಠಾಣೆ, ಸೇತುವೆ, ಆಟೋ, ಆಸ್ಪತ್ರೆ, ನಾಲ್ಕನೇ ಮಾಳಿಗೆ, ಬಾಗಿಲು ತಳ್ಳಿದ. ಹಾಸಿಗೆಯಲ್ಲಿ ಶ್ರೀಪ್ರಿಯಾ ದಿಂಬಿಗೆ ಒರಗಿದ್ದಾಳೆ, ಎರಡು ರಗ್ಗು ಹೊದ್ದಿದ್ದಾಳೆ, ಕಣ್ಣು ಮಾತ್ರ ದೊಡ್ಡದು, ಸೀದಾ ಚೀಲಕ್ಕೆ ಹೋಗುತ್ತದೆ, ದೋ ಡಬ್ಬೇ ಕ್ಯೂ, ಅನ್ನುತ್ತಾಳೆ. ಒಂದು ನನಗೆ, ಅಂದ. ಪಪ್ಪಾ, ಆಜ್ ಏಕಾದಶೀ ಹೈ. ಗೊತ್ತುಂಟು ಮಗಾ. ಅವಳು ನಂಬುವುದಿಲ್ಲ, ಅವನ ಕೈಯನ್ನೇ ನೋಡುತ್ತಾಳೆ, ಅವನು ಎರಡೂ ಮುಚ್ಚಳ ತೆಗೆದ, ಚಮಚ ಅವಳಿಗೊಂದು ತನಗೊಂದು, ಉಣ್ಣುವ ಮೊದಲು ತಟ್ಟೆಯ ಪಕ್ಕದಲ್ಲಿ ನಾಲ್ಕು ಚಿಟಿಕೆ ತೆಗೆದಿಡುವ ಅಭ್ಯಾಸದ ಬೆರಳು ತಾನೇ ತಾನಾಗಿ ಡಬ್ಬಿಯ ಬಾಯಿಗೆ ಹೋಯಿತು, ನಿಲ್ಲಿಸಿದ, ಇಲ್ಲ, ಇವತ್ತು ಯಾರಿಗೂ ಪಾಲಿಲ್ಲ, ಒಂದು ಚಮಚ ತುಂಬಿ ಬಾಯಿಗೆ ಹಾಕಿದ. ಉಪ್ಪು ಕಡಿಮೆ. ಗಂಟಲು ಬೇಡ ಅಂದಿತು, ಮೂವತ್ತೈದು ವರ್ಷ ಬೇಡ ಅಂದಿತು, ನುಂಗಿದ — ಇಷ್ಟು ಕಷ್ಟವೇ, ದಿನಾ ಇಷ್ಟು ಕಷ್ಟವೇ ಮಗಾ ನಿನಗೆ, ಕೇಳಬಾರದು, ಮಳೆಯ ಬಗ್ಗೆ ಏನಾದರೂ ಹೇಳಬೇಕು, ಈ ಸಲ ಮುಂಬ್ರಾದ ಗುಡ್ಡದಲ್ಲಿ, ಅಂದ, ಮುಂದೆ ಹೊಳೆಯಲಿಲ್ಲ. ಅವಳು ನೋಡುತ್ತಲೇ ಇದ್ದಾಳೆ. ಆಪನೇ ಸಚ್ ಮೇ ಖಾ ಲಿಯಾ, ನಿಜವಾಗಿ ಉಂಡೇಬಿಟ್ಟಿರಲ್ಲ ಅಂತ, ಅಂದಳು ಸಣ್ಣ ಸ್ವರದಲ್ಲಿ, ಚಮಚ ಎತ್ತಿದಳು, ತುದಿಯಲ್ಲಿ ನಾಲ್ಕು ಅಗುಳು, ಬಾಯಿಗೆ ಹೋಯಿತು, ಹೋಯಿತು, ಗಂಟಲಿನ ಎಲುಬು ಏರಿ ಇಳಿಯಿತು, ಅವನು ತನ್ನ ಡಬ್ಬಿಗೆ ಕಣ್ಣು ನೆಟ್ಟು ಎರಡನೆಯದನ್ನು ನುಂಗಿದ, ಅವಳ ಎರಡನೆಯದು ಡಬ್ಬಿಯಿಂದ ಮೇಲೆದ್ದಿತು, ಅರ್ಧ ದಾರಿಗೆ ಬಂದಿತು, ನಿಂತಿತು. ಅವಳ ಕಣ್ಣು ಕಿಟಕಿಗೆ ಹೋಗಿದೆ. ನೋಡಬಾರದು ಅಂದುಕೊಂಡೇ ಅವನೂ ನೋಡಿದ, ಮುಚ್ಚಿದ ಗಾಜಿನ ಆಚೆ, ಎಸಿ ಡಬ್ಬದ ಮೇಲೆ. ಎದ್ದು ಪರದೆ ಎಳೆಯಲೇ, ಎದ್ದರೆ ಇವಳು ಚಮಚ ಕೆಳಗಿಡುತ್ತಾಳೆ, ತಿನ್ನು ಅನ್ನಲೇ, ಅನ್ನಬಾರದು, ಮಳೆ, ಮಳೆ, ಏನದು ಮಳೆಯ ಬಗ್ಗೆ, ಚಮಚ ಅಲ್ಲೇ ಇದೆ, ಗಂಜಿ ಒಂದು ಹನಿ ರಗ್ಗಿನ ಮೇಲೆ ಬಿತ್ತು, ಗಾಜಿನ ಆಚೆ ಕತ್ತು ಓರೆಯಾಗಿದೆ, ಕೊಕ್ಕು ಹತ್ತಿರ ಬಂದಿದೆ, ಟಕ್, ಕತ್ತು ಓರೆ ಮಾಡಿಕೊಂಡು, ಕಾಯುತ್ತಾ, ಟಕ್