ತೆಪ್ಪದಲ್ಲಿ ಹೊರಟ ಪಪ್ಪಾಯಿ

"ಇನ್ನೂ ಒಂದು ಕ್ರೇಟ್ ಹಿಡಿಯುತ್ತೆ, ಇಡ್ರೇ!" ಸೊಂಟದವರೆಗಿನ ನೀರಿನಲ್ಲಿ ನಿಂತು ತೆಪ್ಪವನ್ನು ಹಿಡಿದಿದ್ದ ಉಲಮಿಲಾ ಕೂಗಿದಳು.

"ನೀನು ಹತ್ತದೇ ಇದ್ರೆ ಇನ್ನೂ ನಾಲ್ಕು ಹಿಡಿಯುತ್ತೆ ಕಣಕ್ಕಾ," ಎಂದಳು ದಡದಲ್ಲಿದ್ದ ವಾಸಿತಿ.

ಹೆಂಗಸರು ಗೊಳ್ಳೆಂದು ನಕ್ಕರು. ಸಿಂಗಟೋಕಾ ನದಿಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಹಿಂದಿನ ದಿನವಷ್ಟೇ ಕಡಿದ ಬಿದಿರು, ತೆಪ್ಪವೆಲ್ಲ ಹಸಿ ಹಸಿರು. ಅದರ ಮೇಲೆ ಇಪ್ಪತ್ತೆರಡು ಕ್ರೇಟುಗಳಲ್ಲಿ, ತೊಟ್ಟು ಕೆಳಗಾಗಿ, ಒಂದೊಂದಕ್ಕೂ ಕಾಗದ ಸುತ್ತಿಸಿಕೊಂಡು ಪಪ್ಪಾಯಿಗಳು ಕೂತಿದ್ದವು.

ಈಗಾಗಲೇ ಎರಡು ಸಲ ಅವರ ಹಣ್ಣು ವಾಪಸ್ಸಾಗಿತ್ತು. ಕಣಿವೆಯ ಮೇಲುಭಾಗದ ಕಲ್ಲುರಸ್ತೆಯಲ್ಲಿ ಪ್ರೇಮ್ ನಾರಾಯಣ ಎಷ್ಟೇ ಮೆಲ್ಲಗೆ ಲಾರಿ ಓಡಿಸಿದರೂ ಹಣ್ಣಿಗೆ ಹಣ್ಣು ಉಜ್ಜುತ್ತಿತ್ತು. ಇಳಿಸುವಾಗ ಏನೂ ಕಾಣುತ್ತಿರಲಿಲ್ಲ. ನಾಂದಿ ಪಟ್ಟಣದ ರಫ್ತು ಶೆಡ್ಡಿನಲ್ಲಿ, ಹಣ್ಣಿನ ನೊಣದ ಮೊಟ್ಟೆ ಸಾಯಲೆಂದು ಬಿಸಿಗಾಳಿಯ ಕೋಣೆಯಲ್ಲಿಟ್ಟು ಹೊರತೆಗೆದಾಗ ಮಾತ್ರ ಉಜ್ಜಿದಲ್ಲೆಲ್ಲ ಕಪ್ಪು ಕಲೆ ಎದ್ದಿರುತ್ತಿತ್ತು. ಅಂಥ ಹಣ್ಣನ್ನು ಕೊಳ್ಳುವ ಆಕ್ಲೆಂಡಿನವರು ಮುಟ್ಟುವುದಿಲ್ಲ. ಪಾಸಾದ ಹಣ್ಣಿಗಷ್ಟೇ ಬಲೆಯ ಚೀಲ ತೊಡಿಸಿ ವಿಮಾನಕ್ಕೆ ಕಳಿಸುತ್ತಿದ್ದರು. "ಮೂರನೇ ಸಲವೂ ಹೀಗೇ ಆದ್ರೆ ನಿಮ್ಮ ಊರನ್ನ ರಫ್ತಿನ ಪಟ್ಟಿಯಿಂದ ತೆಗೀಬೇಕಾಗುತ್ತೆ ಅಕ್ಕಾ," ಎಂದಿದ್ದಳು ಶೆಡ್ಡಿನಲ್ಲಿ ಹಣ್ಣು ಪರೀಕ್ಷಿಸುವ ಶೋಭ್ನಾ. ಹೇಳುವಾಗ ಅವಳು ನೆಲ ನೋಡುತ್ತಿದ್ದಳು.

ಹದಿನಾಲ್ಕು ಹೆಂಗಸರು ಗೆಣಸಿನ ಹೊಲ ಬಿಟ್ಟುಕೊಟ್ಟು ಬೆಳೆಸಿದ ಮರಗಳವು.

ನೀರಿನಲ್ಲಿ ಸಾಗಿಸುವ ಯೋಚನೆ ಉಲಮಿಲಾಳದು. ರಸ್ತೆ ಬರುವ ಮೊದಲು ಅವಳ ಅಪ್ಪ ಕಿತ್ತಳೆಯನ್ನು ಹೀಗೇ ಸಂತೆಗೆ ಒಯ್ಯುತ್ತಿದ್ದ. ತೆಪ್ಪ ಕೆಳಗೆ ಹೋಗುತ್ತದೆ, ಹೊಳೆಗೆ ಎದುರಾಗಿ ಹಿಂದಿರುಗುವುದಿಲ್ಲ. ಪ್ರತಿ ಸಲವೂ ಹೊಸದಾಗಿ ಕಟ್ಟಬೇಕು. "ಲಾರಿ ಇರೋ ಕಾಲದಲ್ಲಿ ತೆಪ್ಪಾನಾ?" ಎಂದು ಊರಿನ ಗಂಡಸರು ಹೊಟ್ಟೆ ಹಿಡಿದು ನಕ್ಕಿದ್ದರು. ನಕ್ಕವರೇ ಸಂಜೆ ಕತ್ತಿ ತಂದು ಬಿದಿರು ಕಡಿದುಕೊಟ್ಟರು.

ತೆಪ್ಪ ಹೊರಟಿತು. ಉಲಮಿಲಾ ಹಿಂದೆ, ವಾಸಿತಿ ಮುಂದೆ, ಇಬ್ಬರ ಕೈಯಲ್ಲೂ ಉದ್ದನೆಯ ಗಳು. ದಡದ ಮಕ್ಕಳು ಚೀರುತ್ತ ಜೊತೆಗೇ ಓಡಿದರು, ಕಬ್ಬಿನ ಗದ್ದೆ ಅಡ್ಡ ಬಂದಾಗ ನಿಂತರು. ಮೊದಲ ತಿರುವಿನಲ್ಲಿ ನೀರು ಬಿಳಿಯಾಗಿ ನುಗ್ಗುತ್ತಿತ್ತು.

"ಎಡಕ್ಕೆ! ಎಡಕ್ಕೆ ಅಂದ್ರೆ ಎಡಕ್ಕೆ ಕಣೇ!"

"ಯಾರ ಎಡಕ್ಕಕ್ಕಾ? ನೀನು ಎತ್ತ ತಿರುಗಿ ನಿಂತಿದ್ದೀಯೋ ನನಗೇನು ಗೊತ್ತು!"

ತೆಪ್ಪ ಒಂದು ಸುತ್ತು ತಿರುಗಿತು. ಉಲಮಿಲಾ ಗಳು ಬಿಟ್ಟು ಎರಡು ಕ್ರೇಟುಗಳನ್ನು ತಬ್ಬಿಕೊಂಡಳು. ವಾಸಿತಿ ಬಂಡೆಗೆ ಗಳು ಊರಿ, ಬೆನ್ನು ಬಿಲ್ಲಾಗಿಸಿ ನೂಕಿದಳು. ಮರುಗಳಿಗೆಯಲ್ಲಿ ಇಬ್ಬರೂ ನುಣ್ಣನೆಯ ನೀರಿನ ಮೇಲೆ, ತಲೆಯಿಂದ ನೀರಿಳಿಸಿಕೊಂಡು, ಕೆಮ್ಮುವವರೆಗೆ ನಗುತ್ತಿದ್ದರು. ಕ್ರೇಟುಗಳು ಇಟ್ಟಲ್ಲೇ ಇದ್ದವು.

ಬಿಸಿಲೇರಿದಾಗ ಹಣ್ಣಿಗೆ ನೆರಳು ಬೇಕಾಯಿತು. ಉಲಮಿಲಾ ಬಾಳೆ ಎಲೆ ಕೀಳಲು ದಡದ ಕಡೆ ಕೈ ಚಾಚಿದಳು. ಇಲ್ಲಿಯವರ ಕೈ ತಾನಾಗಿ ಹೋಗುವುದು ಎಲೆಯ ಕಡೆಗೇ.

"ಅಯ್ಯೋ, ಎಲೆ ಬೇಡಕ್ಕಾ! ಒಂದು ಚೂರು ಎಲೆ ಸಿಕ್ಕಿದ್ರೂ ಹುಳ ಇರುತ್ತೆ ಅಂತ ಶೆಡ್ಡಿನ ಅಧಿಕಾರಿಗಳು ಹಣ್ಣನ್ನೆಲ್ಲ ತಳ್ಳಿಬಿಡ್ತಾರೆ," ಎಂದ ವಾಸಿತಿ ತನ್ನ ಗಂಟು ಬಿಚ್ಚಿ, ಇಸ್ತ್ರಿ ಮಾಡಿದ ಚರ್ಚಿನ ಬಿಳಿ ಮೇಜುಬಟ್ಟೆ ತೆಗೆದಳು. ಅದನ್ನು ಒಗೆದಿಡುವ ಸರದಿ ಆ ವಾರ ಅವಳದು. "ಪಟ್ಟಣದಲ್ಲಿ ಇದರ ಅಂಚು ಹೊಲಿಸೋಣ ಅಂತ ತಂದೆ. ದೇವರೇನೂ ಬೇಜಾರು ಮಾಡ್ಕೊಳ್ಳಲ್ಲ. ಪಾದ್ರಿ ಹೆಂಡತಿಗೆ ಮಾತ್ರ ಹೇಳಬೇಡ." ಬಟ್ಟೆಯನ್ನು ಹೊಳೆಯಲ್ಲಿ ಅದ್ದಿ ಹಿಂಡಿ ಹಣ್ಣಿನ ಮೇಲೆ ಹೊದಿಸಿದಳು.

ಡಾಂಬರು ರಸ್ತೆ ಹೊಳೆಯ ಪಕ್ಕಕ್ಕೆ ಬರುವಲ್ಲಿ ಪ್ರೇಮ್ ನಾರಾಯಣ ಲಾರಿ ನಿಲ್ಲಿಸಿಕೊಂಡು ಕಾದಿದ್ದ.

"ನನ್ನ ಅರ್ಧ ಬಾಡಿಗೆ ಹೊಳೆಗೆ ಹಾಕಿದ್ರಲ್ಲ ತಾಯಂದಿರಾ!" ಎಂದು ಗೊಣಗಿದ. ಆದರೆ ಲಾರಿಯೊಳಗೆ ಅವನ ಮನೆಯ ಮೂರು ಹಾಸಿಗೆಗಳು ಹರಡಿದ್ದವು.

"ರಾತ್ರಿ ನಿನ್ನ ಹೆಂಡತಿ ಎಲ್ಲಿ ಮಲಗ್ತಾಳೋ?" ಎಂದಳು ಉಲಮಿಲಾ.

"ಅವಳೇ ಹಾಕಿ ಕಳಿಸಿದ್ದು. ಬೇಗ ಎತ್ತಿ, ಮಾತು ಸಾಕು."

ಶೆಡ್ಡಿನಲ್ಲಿ ಹಣ್ಣು ಬಿಸಿಗಾಳಿಯ ಕೋಣೆಗೆ ಹೋಯಿತು, ಉಕ್ಕಿನ ಬಾಗಿಲು ಮುಚ್ಚಿತು. ಮಧ್ಯಾಹ್ನವಿಡೀ ಉಲಮಿಲಾ, ವಾಸಿತಿ ಹೊರಗೆ ಕೂತರು, ಎದ್ದರು, ಮತ್ತೆ ಕೂತರು. ಶೋಭ್ನಾ ಎರಡು ಲೋಟ ಚಹಾ, ತನ್ನ ಡಬ್ಬಿಯ ರೊಟ್ಟಿ ತಂದಿಟ್ಟು ಮತ್ತೆ ಒಳಗೆ ಹೋದಳು. ಉಲಮಿಲಾ ತನ್ನ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿದಳು; ವಾಸಿತಿ ಅದನ್ನೂ ತಿಂದು, "ಹೆದರಿಕೆಗೆ ನನಗೆ ಹಸಿವಾಗುತ್ತೆ," ಎಂದಳು.

ನಾಲ್ಕು ಗಂಟೆಗೆ ಬಾಗಿಲು ತೆರೆಯಿತು. ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ಇಬ್ಬರೂ ಗಾಜಿನ ಕಿಟಕಿಗೆ ಹಣೆ ಒತ್ತಿ ನಿಂತರು. ಹಿಂದೆ ಪ್ರೇಮ್ ನಾರಾಯಣ ತುದಿಗಾಲಲ್ಲಿ. ತಣ್ಣೀರಿನಲ್ಲಿ ಮಿಂದ ಹಣ್ಣುಗಳು ಸಾಲಾಗಿ ಮೇಜಿನ ಮೇಲೆ ಬಂದವು. ಶೋಭ್ನಾ ಒಂದನ್ನೆತ್ತಿ ದೀಪದ ಕೆಳಗೆ ತಿರುಗಿಸಿದಳು. ಹೊಟ್ಟೆ, ಬೆನ್ನು, ಮತ್ತೆ ಹೊಟ್ಟೆ. ಕೆಳಗಿಟ್ಟು ಇನ್ನೊಂದು ಕ್ರೇಟಿನದನ್ನು ಎತ್ತಿದಳು. ಆಮೇಲೆ ತಳದ ಕ್ರೇಟಿನದು.

"ಏನಂತೆ? ಏನಂತೆ?" ಎಂದ ಪ್ರೇಮ್ ನಾರಾಯಣ.

ಉಸಿರಿಗೆ ಗಾಜು ಮಬ್ಬಾಯಿತು. ವಾಸಿತಿ ಅಂಗೈಯಿಂದ ಒರೆಸಿದಳು. ಆಚೆ ಶೋಭ್ನಾ ಪೆಟ್ಟಿಗೆಯಿಂದ ಬಿಳಿ ಬಲೆಯ ಚೀಲವೊಂದನ್ನು ಎಳೆದು ಬೆರಳುಗಳಿಂದ ಅಗಲಿಸಿ, ಮಗುವಿನ ಪಾದಕ್ಕೆ ಕಾಲುಚೀಲ ತೊಡಿಸುವ ಹಾಗೆ, ಮೊದಲ ಹಣ್ಣಿಗೆ ಮೆಲ್ಲಗೆ ತೊಡಿಸುತ್ತಿದ್ದಳು.