ಹುಡಗಿ ದಾಟಿದ ಮೇಲಿನ ಗುಂಡಿ

ಚಹಾದ ಮೇಲೆ ಕೆನೆ ಕಟ್ಟುತ್ತಿದೆ, ಊದಿದರೆ ಅಂಚಿಗೆ ಸರಿದು ಮತ್ತೆ ನಡುವಿಗೇ ಬಂದು ನಿಲ್ಲುತ್ತದೆ, ಕುಡಿ ಬೇಟಾ, ಆರಿ ಹೋಗ್ತದ, ಎನ್ನುತ್ತಾರೆ ಫಿರೋಜನ ತಾಯಿ ಅಸ್ಗರಿ ಖಾಲಾ, ಕುಡಿಯುತ್ತೇನೆ ಖಾಲಾ, ಎಂದು ಮತ್ತೆ ಊದುತ್ತೇನೆ, ಬಸವಕಲ್ಯಾಣದಿಂದ ಹುಮನಾಬಾದಿನ ಈ ಮನೆಗೆ ಬಸ್ಸಿನಲ್ಲಿ ಬಂದೆ, ಸೈಕಲ್ ಮುಟ್ಟಿ ಒಂಬತ್ತು ದಿನವಾಯಿತು, ದಾರಿಯುದ್ದಕ್ಕೂ ಒಂದೇ ಮಾತು ಬಾಯಿಪಾಠ ಮಾಡಿಕೊಂಡೆ — ಫಿರೋಜ್, ಗುಂಡಿ ನನಗೆ ಕಂಡಿತ್ತು, ನಾನು ಕೈ ತೋರಿಸಲಿಲ್ಲ — ಇಷ್ಟೇ, ಹೇಳಲು ಎರಡು ಉಸಿರು ಸಾಕು. ಎದುರಿಗೆ ಮಂಚದ ಮೇಲೆ ಅವನು, ಬಲಗೈ ಕೊರಳಿನ ಪಟ್ಟಿಯಲ್ಲಿ ತೂಗುಬಿದ್ದಿದೆ, ಹೆಗಲಿನ ಎಲುಬು ಮುರಿದಿದೆ, ಎರಡು ತಿಂಗಳು ವೆಲ್ಡಿಂಗ್ ಕೆಲಸವಿಲ್ಲ, ಆದರೂ ಎಡಗೈಯಲ್ಲಿ ಮೊಬೈಲ್ ಹಿಡಿದು ನಗುತ್ತಾನೆ, ವೀರಭದ್ರಣ್ಣ, ನಿಮ್ಮ ಮೀನಿನಾಂವ ಮತ್ತ ಬೆಟ್ಟ ಏರಾಕತ್ತಾನ ನೋಡ್ರಿ — ನನ್ನ ಮೀನಿನವನು, ವಿಂಗೆಗಾರ್ಡ್, ಹೊರದೇಶದ ಮೀನಿನ ಕಾರ್ಖಾನೆಯಲ್ಲಿ ದುಡಿದು ದೊಡ್ಡ ಸೈಕಲ್ ರೇಸಿಗೆ ಬಂದವನು, ಅವನ ಚಿತ್ರ ನನ್ನ ಬಟ್ಟೆ ಅಂಗಡಿಯ ಗೋಡೆಯ ಮೇಲಿದೆ, ಸೀರೆ ಕೊಳ್ಳಲು ಬಂದ ಕೊಹಿನೂರು ಹಳ್ಳಿಯ ಹೆಂಗಸರಿಗೂ ಬಿಡದೆ ಅವನ ಕಥೆ ಹೇಳಿದವನು ನಾನು, ಇಳಿಜಾರಿನಲ್ಲಿ ಎದುರಾಳಿ ಪೊಗಾಚಾರ್ ಬಿದ್ದಾಗ ಇವನು ಮುಂದೆ ಓಡಲಿಲ್ಲ, ನಿಧಾನ ಮಾಡಿ ಕಾದ, ಬಿದ್ದವನು ಬಂದು ಕೈ ಚಾಚಿದ, ಇವನು ಹಿಡಿದ, ಅಷ್ಟಕ್ಕೇ ನನ್ನ ಕಣ್ಣು ತುಂಬುತ್ತಿತ್ತು, ಹೆಂಡತಿ ಸೂಗಮ್ಮ ರೇಗಿಸುತ್ತಿದ್ದಳು, ನಿಮ್ಮ ತಂಗಿ ಲಗ್ನದಾಗೂ ಹಿಂಗ ಅಳಲಿಲ್ಲಲ್ರಿ ನೀವು. ಕಾಲಿನ ಬಲ ಬೇಕಾದಷ್ಟು ಜನಕ್ಕಿದೆ ಫಿರೋಜ್, ಇವರು ದೊಡ್ಡವರಾಗುವುದು ಕೈಯಿಂದ ಎಂದು ಉಪದೇಶ ಬೇರೆ ಮಾಡಿದ್ದೆ, ಅಷ್ಟು ವೇಗದಲ್ಲೂ ಒಂದು ಕೈ ಇಳಿಸಿ ಗುಂಡಿ ತೋರಿಸುತ್ತಾರೆ, ಹಿಂದಿರುವವನು ಎದುರಾಳಿಯಾದರೂ ತೋರಿಸುತ್ತಾರೆ, ಏಕೆಂದರೆ ಒಂದು ಗೇಣು ಹಿಂದೆ ಬರುವವನಿಗೆ ರಸ್ತೆ ಕಾಣುವುದಿಲ್ಲ, ಮುಂದಿನವನ ಬೆನ್ನು ಮಾತ್ರ ಕಾಣುತ್ತದೆ, ಅದನ್ನೇ ನಂಬಿ ತುಳಿಯುತ್ತಾನೆ. ಫಿರೋಜ್ ನನ್ನ ಬೆನ್ನನ್ನು ಆರು ವರ್ಷ ನಂಬಿದ.

ಒಂಬತ್ತು ದಿನದ ಹಿಂದಿನ ಆ ಭಾನುವಾರದ ರೇಸ್ ಬಸವಕಲ್ಯಾಣದಿಂದ ಹುಮನಾಬಾದ್ ಹಾದು ಮನ್ನಾಏಖೇಳ್ಳಿಯವರೆಗೆ, ಹುಡಗಿ ಊರು ದಾಟುವಾಗ ಉಳಿದವರೆಲ್ಲ ಹಿಂದುಳಿದಿದ್ದರು, ನಾವಿಬ್ಬರೇ, ಎದುರುಗಾಳಿ, ನಾನು ಮುಂದೆ, ಬೆನ್ನ ಹಿಂದೆ ಅವನ ಚಕ್ರದ ಸದ್ದು, ಕೊನೆಯ ಇನ್ನೂರು ಮೀಟರಿನಲ್ಲಿ ಅವನು ನನ್ನನ್ನು ದಾಟುತ್ತಾನೆ, ಮೂರು ವರ್ಷದಿಂದ ದಾಟುತ್ತಿದ್ದಾನೆ, ದಾಟಿದವನು ತಿರುಗಿ, ಬರ್ರಿ ಅಣ್ಣಾ, ಎಂದು ಕರೆಯುತ್ತಾನೆ, ಆ ಕರೆಯೇ ನನಗೆ ಉರಿ — ಗುಂಡಿ ಕಂಡಿತು, ಎಮ್ಮೆ ಮಲಗುವಷ್ಟು ದೊಡ್ಡದು, ಕಾಣಲಿಲ್ಲ ಎಂದು ನನಗೆ ನಾನೇ ಸುಳ್ಳು ಹೇಳಿಕೊಳ್ಳಲೂ ಆಗದು, ಕೈ ರೂಢಿಯಂತೆ ತಾನಾಗಿ ಹ್ಯಾಂಡಲಿನಿಂದ ಏಳತೊಡಗಿತ್ತು, ಬೆರಳು ಬಿಗಿದು ಅದನ್ನು ಅಲ್ಲೇ ಕೂರಿಸಿದೆ. ನಾನೊಬ್ಬ ತಪ್ಪಿಸಿಕೊಂಡೆ. ಹಿಂದೆ ದಡ್ ಎಂದು ಸದ್ದು, ಯಾ ಅಲ್ಲಾ ಎಂದಿದ್ದು ಕೇಳಿಸಿತು, ಕಾಯಲಿಲ್ಲ, ತಿರುಗಿಯೂ ನೋಡಲಿಲ್ಲ, ಇನ್ನಷ್ಟು ಜೋರಾಗಿ ತುಳಿದೆ, ಮನ್ನಾಏಖೇಳ್ಳಿಯಲ್ಲಿ ಹಾರ ಹಾಕಿದರು, ಶಾಲು ಹೊದಿಸಿದರು, ಎರಡು ಮಾತಾಡ್ರಿ ಎಂದರು, ಆಡಿದೆ, ಕ್ರೀಡಾ ಮನೋಭಾವದ ಬಗ್ಗೆ ಆಡಿದೆ, ಥೂ, ನಾಚಿಕೆಗೆಟ್ಟವನೇ, ಆ ಶಾಲನ್ನು ಸೂಗಮ್ಮ ಮಡಚಿ ಇಟ್ಟಿದ್ದಾಳೆ, ಕಂಡರೆ ಮೈ ಪರಚಿಕೊಳ್ಳಬೇಕೆನಿಸುತ್ತದೆ. ಹೇಳು, ಈಗಲಾದರೂ ಹೇಳು, ಎಂದು ನನಗೆ ನಾನೇ ಅಂದುಕೊಂಡು, ಫಿರೋಜ್, ಎನ್ನುತ್ತೇನೆ, ಆ ಗುಂಡಿ — ಅದನ್ನ ಅಮ್ಮೀಗೂ ಹೇಳಾಕತ್ತಿದ್ನಿ ಅಣ್ಣಾ, ಎಂದು ಅವನೇ ಮಧ್ಯೆ ಬಾಯಿ ಹಾಕುತ್ತಾನೆ, ಗಲತಿ ನಂದ ಅದ, ನೀವು ಕೈ ತೋರಿಸಿದ್ರಿ, ನಾನ ತಲಿ ಬಗ್ಗಿಸಿ ತುಳ್ಯಾಕತ್ತಿದ್ನಿ, ನೋಡಲಿಲ್ಲ. ನಾ ತೋರಿಸಿದ್ದು ನಿನಗ ಕಂಡಿತೇನು? ಎಂದು ಕೇಳುತ್ತೇನೆ. ನೋಡಲಿಲ್ಲ ಅಂದ್ನಲ್ರಿ, ಆದ್ರ ನೀವು ತೋರಿಸದ ಇರ್ತೀರೇನು? ನಗುತ್ತಾನೆ, ನಾನೂ ನಗುತ್ತೇನೆ, ಮತ್ತು ಈ ಬಾಯಿ, ಬಸ್ಸಿನಲ್ಲಿ ಪಾಠ ಒಪ್ಪಿಸಿದ ಇದೇ ಬಾಯಿ, ಹೌದಪ್ಪ, ತೋರಿಸಿದ್ನಿ, ಎನ್ನುತ್ತದೆ. ಹೇಳಿಯಾಯಿತು, ಇನ್ನು ಹಿಂದಕ್ಕೆ ಬಾರದು. ಖಾಲಾ ಕಪ್ಪು ತೆಗೆದುಕೊಳ್ಳಲು ಬಂದವರು ನಿಲ್ಲುತ್ತಾರೆ, ಕೈ ಹ್ಯಾಂಗ ತೋರಸ್ತಾರ ಬೇಟಾ, ನನಗೂ ತೋರ್ಸು — ನನ್ನ ಕೈ ತೊಡೆಯ ಮೇಲಿಂದ ಏಳುವುದಿಲ್ಲ, ಎಬ್ಬಿಸುತ್ತೇನೆ, ಏಳುವುದಿಲ್ಲ, ಫಿರೋಜನೇ ಮೊಬೈಲ್ ಬದಿಗಿಟ್ಟು ಎಡಗೈ ಇಳಿಬಿಡುತ್ತಾನೆ, ಹಿಂಗ ಅಮ್ಮಿ, ಅಣ್ಣ ಹಿಂಗ ತೋರಸ್ತಾರ, ಬೆರಳು ನೆಲಕ್ಕೆ, ಗುಂಡಿ ನನ್ನ ಪಾದದ ಮುಂದೆಯೇ ಇದ್ದಂತೆ, ಹಿಂಗ, ಆ ಬೆರಳು, ಹಿಂಗ, ಬೆರಳು…